ಸ್ಟಾಫ್ ರೂಮಿನ ಎರಡು ಕೆಟಲ್

ಮಾರ್ಚ್ ೧೪, ಗುರುವಾರ

ಶಾಲೆಯ ಐವತ್ತನೇ ವರ್ಷದ ಪುಸ್ತಕಕ್ಕೆ ನಾನು ಬರೆದ ಇತಿಹಾಸದಿಂದ ಕೆಟಲ್‌ಗಳ ಪ್ರಸಂಗ ತೆಗೆಯಬೇಕಂತೆ. "ಸಮಾರಂಭಕ್ಕೆ ಜನ ಕೇಕ್ ತಿನ್ನೋಕೆ ಬರ್ತಾರೆ, ಹಳೇ ಜಗಳ ಯಾಕ್ರೀ ಹಿಲರಿ?" ಎಂದರು ಹೆಡ್‌ಮಾಸ್ಟರ್ ಕಾಲಿನ್.

ಆಗ ಇಂಗ್ಲೆಂಡಿನಲ್ಲಿ ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ; ಪಾಸಾದವರಿಗೆ ಒಂದು ಶಾಲೆ, ಫೇಲಾದವರಿಗೆ ಇನ್ನೊಂದು. ಊರಿನ ಅಂಥ ಎರಡನ್ನೂ ಸೇರಿಸಿ ನಮ್ಮದನ್ನು ಕಟ್ಟಿದ್ದು. ಮಕ್ಕಳು ಬೇಗ ಬೆರೆತರು. ಟೀಚರುಗಳು ಮಾತ್ರ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಚಹಾದ ನೀರಿಗೆ ಎರಡು ಕೆಟಲ್ ಇಟ್ಟುಕೊಂಡರು, ಶಾಲೆಗೊಂದು. ಫೇಲಾದವರ ಶಾಲೆಯಿಂದ ಬಂದಿದ್ದ ಹೊಲಿಗೆ ಟೀಚರ್ ಎನಿಡ್ ನನಗೆ ಹೇಳಿದ್ದು: "ಅವರ ಕೆಟಲ್ ನಾನು ಮುಟ್ಟಿದೆ ಅಂತ ನೀರು ಚೆಲ್ಲಿ ಬೇರೆ ತುಂಬಿಸ್ಕೊಂಡ್ರು ಕಣೇ. ಬರಿ ಅದನ್ನ."

ಇದು ನನ್ನ ಹಠವೇ? ಸ್ವಲ್ಪ ಇರಬಹುದು. ಎನಿಡ್ ಬೇಡವೆಂದರೆ ತೆಗೆಯುತ್ತೇನೆ. ಕಾಲಿನ್ ಬೇಡವೆಂದರೆ ಇಡೀ ಬರಹವನ್ನೇ ಹಿಂದಕ್ಕೆ ಪಡೆಯುತ್ತೇನೆ. ನಾಳೆ ಅವರಿಗೆ ಇಷ್ಟನ್ನೇ ಹೇಳುವುದು.