ಎಬ್ಬಿಸುವುದು ಬಾಡಿಗೆಯಲ್ಲಿ ಸೇರಿಲ್ಲ

ಮಾರ್ಚ್ 3, ರಾತ್ರಿ

ನಿನ್ನೆ ಮದುವೆಗೆ ಬಾಡಿಗೆ ಹೋದ ಕುರ್ಚಿಗಳು ವಾಪಸ್ ಬಂದವು. ಮೂರರ ಕಾಲು ಸೊಟ್ಟ. ಒಂದರ ಬೆನ್ನಿಗೆ ಚೂಯಿಂಗ್ ಗಮ್. ಮದುವೆಗಿಂತ ಸಾವಿನ ಮನೆ ಮೇಲು — ಅಳುವವರು ಕುರ್ಚಿ ಹತ್ತಿ ನಿಂತು ಫೋಟೋ ತೆಗೆಯುವುದಿಲ್ಲ. ಬಕೆಟ್ಟು, ಬ್ರಷ್ಷು, ಸೋಪಿನ ನೀರು. ಒಂದೊಂದರ ಬೆನ್ನೂ ತೊಳೆದು ನೋಡಿದೆ. ನನ್ನ ಫೋನ್ ನಂಬರು ಅಳಿಸಿಲ್ಲ. ಕೆಂಪು ಪೇಂಟಿನಲ್ಲಿ ನಾನೇ ಬರೆದದ್ದು. ಕಳೆದುಹೋದ ಕುರ್ಚಿ ಅದರಿಂದಲೇ ಮನೆಗೆ ಬರುತ್ತದೆ. ಕಳೆದುಹೋದ ಮನುಷ್ಯರಿಗೂ ಹೀಗೆ ಬರೆದಿಡುವ ಹಾಗಿದ್ದರೆ...

ಜನ ಕುರ್ಚಿಯಮ್ಮ ಅನ್ನುತ್ತಾರೆ. ಅನ್ನಲಿ. ಕುರ್ಚಿಗಾಗಿ ಕಚ್ಚಾಡುವವರನ್ನು ಇನ್ನೇನೇನೋ ಅನ್ನುತ್ತಾರೆ. ನನ್ನದು ಮರ್ಯಾದೆಯ ಹೆಸರು.

ಅಕ್ಕ ಇವತ್ತೂ ಅಂಗಡಿ ಮೇಲಿನ ಮಹಡಿಯಿಂದ ಇಳಿಯಲಿಲ್ಲ.

ಅಂಗಡಿಯ ಎದುರಿಗೇ ಪಾರ್ಕು. ಹೋದ ವರ್ಷ ಗಾಳಿಗೆ ಒಂದು ಕೊಂಬೆ ಬಿತ್ತು. ಕೊಂಬೆ ಎತ್ತಿ ಮೂಲೆಗೆ ಹಾಕಿದರು, ಗೇಟಿಗೆ ಸರಪಳಿ ಬಿಗಿದರು. ‘ದುರಸ್ತಿ ನಡೆಯುತ್ತಿದೆ’ ಅಂತ ಬೋರ್ಡು. ನಡೆಯುವುದಿರಲಿ, ತೆವಳಿದ್ದನ್ನೂ ಯಾರೂ ಕಂಡಿಲ್ಲ. ಈಗ ಆ ಬೋರ್ಡಿಗೇ ದುರಸ್ತಿ ಬೇಕು.

ಒಳಗೆ ಕೊಳದ ಸುತ್ತ ಕಬ್ಬಿಣದ ಕಂಬಿ. ಕಣ್ಣು ಪೂರ್ತಿ ಹೋದ ಮೇಲೆ ಅಕ್ಕ ಅದನ್ನು ಹಿಡಿದು ಒಬ್ಬಳೇ ಸುತ್ತುತ್ತಿದ್ದಳು. ಗೇಟಿನ ತನಕ ಬಿಡುವುದಷ್ಟೇ ನನ್ನ ಕೆಲಸ. “ಇಲ್ಲೊಂದು ಕಡೆ ನನ್ನ ಕೈ ಯಾರೂ ಹಿಡಿಯೋದು ಬೇಡ ಕಣೇ” ಅನ್ನುತ್ತಿದ್ದಳು. ಈಗ ಮಂಚ, ಕಿಟಕಿ, ಮಂಚ.

ಅವಳ ಮಗಳು ಫೋನ್ ಮಾಡಿದ್ದಳು.

“ಚಿಕ್ಕಮ್ಮ, ಏಪ್ರಿಲ್ ಮೊದಲ ವಾರ ಬಂದು ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಇಲ್ಲೇ ಇರ್ಲಿ.”

“ನಿಂದು ಹನ್ನೊಂದನೇ ಮಹಡಿ ಅಲ್ವೇನೇ?”

“ಲಿಫ್ಟ್ ಇದೆ.”

“ಲಿಫ್ಟಲ್ಲಿ ವಾಕಿಂಗ್ ಮಾಡ್ತಾಳಾ?”

“ಪಾರ್ಕ್ ಇದ್ದಾಗ ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದ್ನಾ? ಈಗ ಎಲ್ಲಿದೆ ಪಾರ್ಕು, ನೀನೇ ಹೇಳು.”

ಫೋನಿಟ್ಟು ಎದುರಿನ ಗೇಟಿನ ಸರಪಳಿ ನೋಡಿದೆ.  

ಮಾರ್ಚ್ 5

ನಗರಸಭೆಗೆ ಹೋದೆವು. ನಾನು, ಪಕ್ಕದಂಗಡಿಯ ದರ್ಜಿ, ಬಸ್ ಓಡಿಸಿ ರಿಟೈರ್ ಆದ ಡ್ರೈವರಣ್ಣ. ಬೀದಿಯವರೆಲ್ಲ ಸಹಿ ಹಾಕಿದ ಅರ್ಜಿ ಕೈಯಲ್ಲಿ. ಪಾರ್ಕುಗಳ ಎಂಜಿನಿಯರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. ಎದುರಿಗೆ ನಾಲ್ಕು ಕುರ್ಚಿ ಖಾಲಿ. ಕೂತ್ಕೊಳ್ಳಿ ಅನ್ನಲಿಲ್ಲ. ಊರಿಗೆಲ್ಲ ಕುರ್ಚಿ ಕೊಡುವವಳನ್ನು ನಿಲ್ಲಿಸಿ ಮಾತಾಡಿಸಿದ.

“ಪ್ರೊಸೆಸ್‌ನಲ್ಲಿದೆ.”

“ಯಾವ ಪ್ರೊಸೆಸ್ಸು ಸಾರ್?”

“ಅದನ್ನ ಈಗಲೇ ಹೇಳೋಕಾಗಲ್ಲ. ಅದೂ ಪ್ರೊಸೆಸ್‌ನಲ್ಲೇ ಇದೆ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ನೋಡಿದ್ದೆ. ಈತನದು ಗೋಡೆಯೂ ಇಲ್ಲ, ದೀಪವೂ ಇಲ್ಲ.

ಮೆಟ್ಟಿಲಿಳಿಯುವಾಗ ಡ್ರೈವರಣ್ಣ, “ಬಿಡು ಕುರ್ಚಿಯಮ್ಮ, ಇವರ ಗಾಡಿ ನ್ಯೂಟ್ರಲ್‌ನಲ್ಲಿದೆ. ಎಷ್ಟು ಆಕ್ಸಿಲರೇಟರ್ ಒತ್ತಿದ್ರೂ ಬರೀ ಸದ್ದು” ಅಂದ.

“ತಳ್ಳಿದ್ರೆ?”

“ನ್ಯೂಟ್ರಲ್‌ನಲ್ಲಿದ್ರೇನೇ ತಳ್ಳೋಕೆ ಸುಲಭ” ಅಂದು ನಕ್ಕ. ಆ ಮಾತು ತಲೆಯಲ್ಲಿ ಕೂತಿದೆ.

ಮಾರ್ಚ್ 9, ಭಾನುವಾರ

ಗೇಟಿನ ಮುಂದೆ ಫುಟ್‌ಪಾತಿನಲ್ಲಿ ಕುರ್ಚಿ ಹಾಕಿಬಿಟ್ಟೆ. ನಲವತ್ತು. ಬಾಡಿಗೆ ಇಲ್ಲ. ಪಾರ್ಕು ಒಳಗೆ ಬಿಡದಿದ್ದರೆ ಪಾರ್ಕನ್ನೇ ಹೊರಗೆ ತರೋಣ ಅಂತ.

ಬಂದರು ನೋಡು ಜನ! ಪೇಪರ್ ಓದುವವರು, ಹರಟುವವರು, ಮಗುವಿಗೆ ಊಟ ಮಾಡಿಸುವವರು. ದರ್ಜಿ ಕೈಹೊಲಿಗೆ ತಂದು ಕೂತ. ಡ್ರೈವರಣ್ಣ ಚದುರಂಗದ ಹಲಗೆ ಹಾಸಿದ. ಒಂದು ಆಟವೂ ಗೆಲ್ಲಲಿಲ್ಲ. ಹಳೇ ಪಾರ್ಕಿನಲ್ಲೂ ಗೆಲ್ಲುತ್ತಿರಲಿಲ್ಲ. ಎಲ್ಲ ಮೊದಲಿನ ಹಾಗೇ ಆಯಿತು ಅನ್ನಿಸಿತು.

ಅಕ್ಕನನ್ನು ಇಳಿಸಿಕೊಂಡು ಬಂದೆ. ಮುಂದಿನ ಸಾಲಿನಲ್ಲಿ ಕೂರಿಸಿದೆ.  ಗೇಟಿನ ಸಂದಿಯಿಂದ ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು.

“ಹೇಗಿದೆ?” ಅಂದೆ.

“ಹೊರಗೆ ಕೂತು ಪಾರ್ಕ್ ನೋಡೋದು ಕಣ್ಣಿದ್ದೋರ ಆಟ ಕಣೇ. ನಂಗೆ ಕಂಬಿ ಬೇಕು.”

ನನ್ನ ತಪ್ಪು ಅಂತ ಹೇಳಲಿಲ್ಲ. ಕೋಪದಲ್ಲೂ ಹೇಳಲಿಲ್ಲ. ಆದರೂ ಆ ಇಡೀ ಜಾತ್ರೆ ನನಗೆ ಅಲ್ಲಿಗೇ ಸಪ್ಪೆಯಾಯಿತು.

ಮಾರ್ಚ್ 12

ನಗರಸಭೆಯ ಲಾರಿ ಬಂತು. ಫುಟ್‌ಪಾತ್ ಅತಿಕ್ರಮಣವಂತೆ. ಒಂದು ವರ್ಷದಿಂದ ಇಡೀ ಪಾರ್ಕನ್ನು ಅತಿಕ್ರಮಿಸಿ ಕೂತವರು ಹೇಳಿದ್ದು!

ಡ್ರೈವರಣ್ಣ ಏಳಲಿಲ್ಲ. ಇಬ್ಬರು ಆಳುಗಳು ಕುರ್ಚಿ ಸಮೇತ ಎತ್ತಿದರು.

“ಹುಷಾರು ಕಣ್ರಯ್ಯ, ಬ್ರೇಕ್ ಸರಿ ಇಲ್ಲ” ಅಂದ. ಅವರಿಗೇ ನಗು ಬಂದು ಕೆಳಗಿಳಿಸಿದರು. ಆದರೂ ಕುರ್ಚಿ ಬಿಡಲಿಲ್ಲ. ನಲವತ್ತೂ ಹೋದವು, ನನ್ನ ನಂಬರ್ ಬೆನ್ನಿಗಂಟಿಸಿಕೊಂಡು, ಲಾರಿಯಲ್ಲಿ ಕಾಲು ಮೇಲೆ ಮಾಡಿ.

ಅಳಲಿಲ್ಲ. ಬೈದೆ. ಬರೆಯುವ ಹಾಗಿಲ್ಲ, ಹಾಳೆ ಕಪ್ಪಾಗುತ್ತದೆ.

ಮಾರ್ಚ್ 22

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ.

ಅಕ್ಕ ಬಟ್ಟೆ ಮಡಿಸಿಡುತ್ತಿದ್ದಾಳೆ. ಬೆರಳಲ್ಲೇ ಅಂಚು ಹುಡುಕಿ, ಮೂಲೆಗೆ ಮೂಲೆ ಸೇರಿಸಿ. ಯಾಕೆ ಈಗಲೇ ಅಂದರೆ, “ಹೋಗೋದು ಹೋಗೋದೇ. ಕೊನೇ ಗಳಿಗೇಲಿ ಗಡಿಬಿಡಿ ಯಾಕೆ?” ಅಂದಳು.

“ಹೋಗ್ಬೇಕು ಅಂತ ನಿಂಗೆ ಇದೆಯಾ?”

“ನಿಂಗೆ ಭಾರ ಅಲ್ವಾ ನಾನು?”

“ನಾನು ಹೊರದೇ ಇರೋ ಭಾರ ಯಾವುದಿದೆ? ದಿನಾ ಕುರ್ಚಿ ಹೊರೋಳು.”

“ಕುರ್ಚಿ ತಾನಾಗೇ ನಡೆಯಲ್ಲ. ನಾನು ನಡೀತಿದ್ದೆ.”

ನಾನು ಕೆಳಗಿಳಿದು ಬಂದೆ. ಖಾಲಿ ಮೂಲೆ ಗುಡಿಸಿದೆ, ನಲವತ್ತು ಕುರ್ಚಿ ಇರುತ್ತಿದ್ದ ಜಾಗ. ಗುಡಿಸಿದ್ದನ್ನೇ ಗುಡಿಸಿದೆ. ಇಷ್ಟಕ್ಕೇ ಬಿಟ್ಟರೆ ನನ್ನ ಹೆಸರು ಕುರ್ಚಿಯಮ್ಮ ಅಲ್ಲ.

ಮಾರ್ಚ್ 27, ಮಧ್ಯಾಹ್ನ

ಬರೆಯಲು ಕೂತರೆ ನಗು ತಡೆಯದು. 

ಫೋನ್ ಬಂತು. ಗಂಡು ದನಿ. “ಕುರ್ಚಿ ಬಾಡಿಗೆಗೆ ಕೊಡ್ತೀರಾ? ಇನ್ನೂರು ಬೇಕು. ಮೂವತ್ತೊಂದನೇ ತಾರೀಕು.”

“ಎಲ್ಲಿಗೆ?”

“ಪಾರ್ಕ್ ಒಳಗೆ. ಮೇಯರ್ ಕಾರ್ಯಕ್ರಮ.”

ಯಾವ ಪಾರ್ಕ್ ಅಂದೆ. ಹೇಳಿದ. ನಮ್ಮದೇ! ಪಾರ್ಕಿನ ಅಭಿವೃದ್ಧಿ ಯೋಜನೆಗೆ ಚಾಲನೆಯಂತೆ. ಒಳಗೆ ವೇದಿಕೆ, ಭಾಷಣ, ಫೋಟೋ.

“ಆಮೇಲೆ ಪಾರ್ಕ್ ತೆಗೀತೀರಾ ಸಾರ್?”

“ಇಲ್ಲಮ್ಮ, ಆಮೇಲೆ ಎರಡು ವರ್ಷ ಪೂರ್ತಿ ಬಂದ್. ಕೆಲಸ ಇರುತ್ತಲ್ಲ.”

“ನನ್ನ ನಂಬರ್ ಎಲ್ಲಿ ಸಿಕ್ತು ನಿಮಗೆ?”

“ನಮ್ಮ ಗೋಡೌನಲ್ಲಿ ಕೆಲವು ಕುರ್ಚಿ ಇವೆ. ಬೆನ್ನ ಮೇಲೆ ಬರೆದಿತ್ತು.”

ಫೋನಿಗೆ ಕೈ ಅಡ್ಡ ಹಿಡಿದು ದರ್ಜಿಯನ್ನು ಕೂಗಿದೆ. ಮಾತಾಡುತ್ತಿದ್ದವನು ಅದೇ ಎಂಜಿನಿಯರ್, ದನಿ ನನಗೆ ಗುರುತಾಯಿತು. ಜಪ್ತಿ ಮಾಡಿದ ಮಾಲು ಯಾರದು ಅಂತ ಕೇಳುವಷ್ಟೂ ಪುರುಸೊತ್ತಿಲ್ಲದೆ, ಅದರ ಬೆನ್ನು ನೋಡಿ ಮಾಲಿನ ಒಡತಿಗೇ ಫೋನ್ ಮಾಡಿದ್ದಾನೆ. ಮೊನ್ನೆ ತಲೆ ಎತ್ತಿ ನನ್ನ ಮುಖ ನೋಡಿದ್ದರೆ, ದನಿ ಕೇಳಿದ್ದರೆ, ಈ ತಪ್ಪು ಆಗುತ್ತಿರಲಿಲ್ಲ.

ನಾನೂ ವ್ಯಾಪಾರದವಳೇ. ದನಿ ಬೆಣ್ಣೆ ಮಾಡಿಕೊಂಡೆ.

“ಇನ್ನೂರು ಕೊಡ್ತೀನಿ ಸಾರ್. ಆದ್ರೆ ಅದರಲ್ಲಿ ನಲವತ್ತು ನಿಮ್ಮ ಗೋಡೌನಲ್ಲೇ ಇವೆ. ಅದೇನೋ ಲಾರಿಯವರು ತಪ್ಪಾಗಿ ತಂದಿದ್ದಾರೆ. ಬಿಡಿಸಿಕೊಡಿ.”

“ಆಯ್ತು, ಇವತ್ತೇ ಕಳಿಸ್ತೀನಿ.”

“ಇನ್ನೊಂದು. ನನ್ನ ಕುರ್ಚಿ ನನ್ನ ಜನರೇ ಹೊರ್ತಾರೆ. ಪ್ಲಾಸ್ಟಿಕ್ಕು, ಬೇರೆಯವರು ಮುರೀತಾರೆ. ಗೇಟಲ್ಲಿ ತಡೀಬಾರದು.”

“ಅಷ್ಟೇ ತಾನೆ? ವಾಚ್‌ಮನ್‌ಗೆ ಹೇಳಿರ್ತೀನಿ. ಕುರ್ಚಿ ಹಿಡ್ಕೊಂಡು ಬಂದೋರನ್ನ ಒಳಗೆ ಬಿಡು ಅಂತ.”

ಕುರ್ಚಿ ಹಿಡಿದುಕೊಂಡು ಬಂದವರನ್ನು. ಅವನ ಬಾಯಿಂದಲೇ ಬಂತು. ಸರಕಾರಿ ಬಾಯಿ.

ಮಾರ್ಚ್ 28

ನಲವತ್ತೂ ಮನೆ ಸೇರಿದವು. ಅದೇ ಲಾರಿ, ಅದೇ ಆಳುಗಳು. ಡ್ರೈವರಣ್ಣ ನಿಂತು ಇಳಿಸಿಕೊಂಡ. “ಮಾವನ ಮನೆ ಊಟ ಹೇಗಿತ್ರೋ?” ಅಂತ ಕುರ್ಚಿಗಳನ್ನೇ ಕೇಳಿದ.

ಸಂಜೆ ದರ್ಜಿಯ ಅಂಗಡಿಯಲ್ಲಿ ಬೀದಿಯವರೆಲ್ಲ ಸೇರಿದರು. ಒಬ್ಬೊಬ್ಬರು ಒಂದು ಕುರ್ಚಿ ಹೊರುವುದು. ಒಳಗೆ ಹೋಗುವುದು. ಹಾಕುವುದು. ಕೂರುವುದು. ಏಳಕೂಡದು. ಘೋಷಣೆ ಬೇಡ, ಕಲ್ಲು ಬೇಡ, ಬೈಗುಳ ನನ್ನೊಬ್ಬಳಿಗೆ ಬಿಡಿ.

“ಪೊಲೀಸರು ಬಂದ್ರೆ?” ದರ್ಜಿ ಕೇಳಿದ. ಅವನಿಗೆ ಸೂಜಿ ಬಿಟ್ಟು ಎಲ್ಲಕ್ಕೂ ಹೆದರಿಕೆ.

“ಕೂತ ತಪ್ಪಿಗೆ ಹಿಡೀತಾರಾ? ಕುರ್ಚಿ ಇರೋದು ಯಾತಕ್ಕೆ?”

“ನಿನ್ನ ವ್ಯಾಪಾರ ಹೋಗುತ್ತಲ್ಲಮ್ಮ. ನಗರಸಭೆ ಅಂದ್ರೆ ದೊಡ್ಡ ಗಿರಾಕಿ.”

ಗೊತ್ತಿದೆ. ಲೈಸೆನ್ಸಿಗೂ ಅವರ ಬಾಗಿಲಿಗೇ ಹೋಗಬೇಕು. ಅದನ್ನೂ ಕೂಡಿ ಕಳೆದು ನೋಡಿದ್ದೇನೆ. ಒಂದು ಕಡೆ ಅಂಗಡಿ. ಇನ್ನೊಂದು ಕಡೆ ಮೂಲೆಗೆ ಮೂಲೆ ಸೇರಿಸಿ ಮಡಿಸುವ ಆ ಬೆರಳು. ತಕ್ಕಡಿ ಹಿಡಿಯುವ ಅಗತ್ಯವೇ ಬೀಳಲಿಲ್ಲ.

ಮಾರ್ಚ್ 30

ಅಕ್ಕನಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡಳು. ಮಡಿಸಿಟ್ಟ ಬಟ್ಟೆ ತೆಗೆದು ಒಂದು ಗಟ್ಟಿ ಸೀರೆ ಹುಡುಕಿದಳು.

“ನಂಗೂ ಒಂದು ಕುರ್ಚಿ.”

“ನಿಂದು ನಾನು ಹೊರ್ತೀನಿ ಬಿಡು.”

“ಕುರ್ಚಿ ಹಿಡ್ಕೊಂಡು ಬಂದೋರನ್ನ ಒಳಗೆ ಬಿಡ್ತಾರೆ ಅಂದೆಯಲ್ಲ. ನಾನೇನು ನಿನ್ನ ಕುರ್ಚಿ ಬಾಲ ಹಿಡ್ಕೊಂಡು ನುಗ್ಗೋದಾ?”

ಚಿಕ್ಕವಳಿದ್ದಾಗಲೂ ಹೀಗೇ. ಇವಳೊಡನೆ ವಾದಕ್ಕಿಳಿದು ನಾನು ಗೆದ್ದದ್ದಿಲ್ಲ. ನನ್ನ ಬಾಯಿಗೆ ಸಾಣೆ ಹಿಡಿದವಳೇ ಇವಳು.

ಮಾರ್ಚ್ 31, ಪಾರ್ಕಿನ ಒಳಗಿನಿಂದ, ಒಂಬತ್ತು ಗಂಟೆ

ಒಳಗಿದ್ದೇವೆ!

ವಾಚ್‌ಮನ್ ಸರಪಳಿ ತೆಗೆದು ಗೇಟು ತಳ್ಳಿದ. ತುಕ್ಕು ಹಿಡಿದ ಗೇಟು, ಕಿರುಚಿಕೊಂಡೇ ತೆರೆಯಿತು. ಮೊದಲ ಇಪ್ಪತ್ತು ಜನರನ್ನು ನೋಡಿದ. ಆಮೇಲೆ ಬೀದಿಯ ತಿರುವಿನ ತನಕ ನಿಂತ ಸಾಲು ನೋಡಿದ. ಎಲ್ಲರ ತಲೆಯ ಮೇಲೂ ಒಂದೊಂದು ಕುರ್ಚಿ.

“ಏನಮ್ಮ ಇದು, ಇಷ್ಟೊಂದು ಲೇಬರ್ರು?”

“ಇನ್ನೂರು ಕುರ್ಚಿ, ಇನ್ನೂರು ಜನ.”

“ಆ ಅಜ್ಜಿ?”

“ಸೀನಿಯರ್ ಲೇಬರ್.”

ಅವನಿಗೆ ಅರ್ಥವಾಯಿತು. ಮುಖ ನೋಡಿದರೇ ತಿಳಿಯಿತು. ಮೇಲಕ್ಕೊಮ್ಮೆ ನೋಡಿ, “ಸಾಹೇಬರು ಹೇಳಿದ್ದು ಕುರ್ಚಿ ಇದ್ದೋರನ್ನ ಬಿಡು ಅಂತ. ನಂಗೆ ಅಷ್ಟೇ ಗೊತ್ತು” ಅಂದು ಗೇಟನ್ನು ಇನ್ನೊಂದಿಷ್ಟು ಅಗಲ ಮಾಡಿದ.

ಹುಲ್ಲು ಮೊಣಕಾಲುದ್ದ. ದುರಸ್ತಿಯ ಗುರುತು ಎಲ್ಲೂ ಇಲ್ಲ. ಆ ಬಿದ್ದ ಕೊಂಬೆ ಇನ್ನೂ ಮೂಲೆಯಲ್ಲೇ ಇದೆ, ಅಣಬೆ ಬೆಳೆದಿದೆ. ವೇದಿಕೆಯ ಮುಂದೆ ಸಾಲಾಗಿ ಹಾಕಿ ಕೂತೆವು.

ಅಕ್ಕ ಮಾತ್ರ ಕೂರಲಿಲ್ಲ. ತನ್ನ ಕುರ್ಚಿ ಇಳಿಸಿ, “ಕಂಬಿ ಯಾವ ಕಡೆ?” ಅಂದಳು. ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು. ಕಂಬಿ ಬೆರಳಿಗೆ ಸಿಕ್ಕಿದ್ದೇ ತಡ... ಒಬ್ಬಳೇ ಹೊರಟಳು. ಮೊದಲು ಮೆಲ್ಲಗೆ. ತಿರುವಿನಲ್ಲಿ ಒಮ್ಮೆ ನಿಂತಳು, ಬಳ್ಳಿ ಹಬ್ಬಿತ್ತು. ಕಿತ್ತು ಎಸೆದಳು. ಆಮೇಲೆ ಬೀಸಾಗಿ. ನಾವೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದೆವು. ಅವಳಿಗೆ ನಮ್ಮ ಗೊಡವೆಯೇ ಇಲ್ಲ.

ಹತ್ತೂವರೆ

ಎಂಜಿನಿಯರ್ ಬಂದ. ಕುರ್ಚಿ ಭರ್ತಿ ನೋಡಿ ಮೊದಲು ಖುಷಿಪಟ್ಟ, ಪಾಪ. ಆಮೇಲೆ ಅತಿಥಿಗಳು ಬರತೊಡಗಿದರು. ಇಸ್ತ್ರಿ ಮಾಡಿದ ಜನ, ಕೂರಲು ಜಾಗವಿಲ್ಲ.

“ಯಾರಮ್ಮ ನೀವು?”

“ಕುರ್ಚಿಯವಳು. ಮೊನ್ನೆ ನಿಮ್ಮ ಆಫೀಸಲ್ಲಿ ನಿಂತಿದ್ದೆ, ಗುರುತಾಗಲಿಲ್ಲ ನಿಮಗೆ. ಇವತ್ತು ಕೂತಿದ್ದೀನಿ.”

“ಇವರನ್ನೆಲ್ಲ ಎಬ್ಬಿಸಿ!”

“ತಂದು ಹಾಕೋದು ನನ್ನ ಕೆಲಸ ಸಾರ್. ಎಬ್ಬಿಸೋದು ಬಾಡಿಗೇಲಿ ಸೇರಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದರ್ಜಿ! ಅವನೇ. ಹೆದರಿಕೆ ಎಲ್ಲಿ ಬಿಟ್ಟುಬಂದನೋ.

ಎಂಜಿನಿಯರ್ ಬಗ್ಗಿ ಪಿಸುಗುಟ್ಟಿದ. ಪೊಲೀಸ್ ಅಂದ, ಲೈಸೆನ್ಸ್ ಅಂದ. “ಪಾರ್ಕ್ ತೆಗೀರಿ, ಏಳ್ತೀವಿ” ಅಂದೆ. ಮೇಯರ್ ದಾರಿಯಲ್ಲಿದ್ದಾರೆ ಅಂತ ಫೋನ್ ಬಂದ ಮೇಲೆ ಸ್ವಲ್ಪ ಮೆತ್ತಗಾದ. “ಬೆಳಿಗ್ಗೆ ಸಂಜೆ ತೆಗೆಸೋಣ. ಕೆಲಸ ಒಂದು ಕಡೆ ನಡೀಲಿ. ನಾನು ಮಾತಾಡ್ತೀನಿ. ಈಗ ಏಳಿ.”

“ಬಾಯಿಮಾತು ಬೇಡ. ಗೇಟಿನ ಸರಪಳಿ ತಂದು ಈ ಕುರ್ಚಿ ಮೇಲೆ ಇಡಿ. ಆಮೇಲೆ ಏಳ್ತೀವಿ.” ಅಕ್ಕನ ಕುರ್ಚಿ ತೋರಿಸಿದೆ. ಇಷ್ಟರಲ್ಲಿ ಖಾಲಿ ಇದ್ದದ್ದು ಅದೊಂದೇ.

ನುಂಗಿದ್ದೂ ಇಲ್ಲ, ಉಗುಳಿದ್ದೂ ಇಲ್ಲ. ಗೇಟಿನ ಕಡೆ ಹೋದ.

ಹನ್ನೊಂದಕ್ಕೆ ಸ್ವಲ್ಪ ಮೊದಲು

ಅಕ್ಕ ಇನ್ನೊಂದು ಸುತ್ತು ಮುಗಿಸಿ ಬಂದು ಪಕ್ಕದಲ್ಲಿ ನಿಂತಿದ್ದಾಳೆ. ಬೆವರಿದ್ದಾಳೆ. ಅಂಗೈ ತುಂಬ ತುಕ್ಕು. ಮಗಳಿಗೆ ಫೋನ್ ಹಚ್ಚು ಅಂದಳು. ಹಚ್ಚಿದೆ.

“ನಾನು ವಾಕಿಂಗ್‌ನಲ್ಲಿದ್ದೀನಿ ಕಣೇ. ಆಮೇಲೆ ಮಾಡು” ಅಂದು ಇಟ್ಟೇಬಿಟ್ಟಳು.

ರಸ್ತೆಯಲ್ಲಿ ಸೈರನ್ನು. ಮೇಯರ್ ಕಾರೋ, ಪೊಲೀಸ್ ಜೀಪೋ. ಮರಗಳ ಅಡ್ಡ, ಗೇಟು ಇಲ್ಲಿಗೆ ಕಾಣುವುದಿಲ್ಲ. ಯಾರೂ ಎದ್ದಿಲ್ಲ.

ಅಕ್ಕ ತಲೆ ಓರೆ ಮಾಡಿದಳು. “ಸರಪಳಿ ಸದ್ದು ಕಣೇ.”

“ತೆಗೀತಿದಾರಾ, ಹಾಕ್ತಿದಾರಾ?”

“ತಿಳೀತಿಲ್ಲ.”

ಹಾಕಲಿ. ಇಷ್ಟು ದಿನ ಅದು ನಮ್ಮನ್ನು ಹೊರಗಿಟ್ಟಿತ್ತು. ಇವತ್ತು ಹಾಕಿದರೆ ನಾವು ಒಳಗಿದ್ದೇವೆ. ಸದ್ದು ಹತ್ತಿರ ಬರುತ್ತಿದೆ, ನೆಲದ ಮೇಲೆ ಎಳೆದ ಹಾಗೆ. ಅಕ್ಕ ತನ್ನ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಸರಪಳಿ ಇಡಲು ಮುಂದಕ್ಕೆ ತಳ್ಳುತ್ತಿದ್ದಾಳೆ. ನಾನು—