ಮನೆ ಮಾರಿದ ದಿನದ ಗುಟ್ಟಿನ ಮಾತು

ಶಂಶಾಬಾದ್,
೧೮ ನವೆಂಬರ್ ೨೦೨೪

ಮುದ್ದಿನ ಶರ್ವರಿಗೆ ನಿನ್ನ ಶ್ರೀನಿವಾಸ ಮಾಮಾನ ಆಶೀರ್ವಾದಗಳು.

ನಿಜಾಮನ ಕಾಲದಿಂದ ಈವರೆಗೆ ಹೈದರಾಬಾದಿನಲ್ಲಿ ನನ್ನಂಥ ವ್ಯವಹಾರಸ್ಥ ಹುಟ್ಟಿಲ್ಲವೆಂದು ಊರೆಲ್ಲ ಮಾತಾಡಿಕೊಳ್ಳುತ್ತಿದೆ. ಅದಿರಲಿ, ನಿನ್ನ ಸೊಂಟನೋವು ಹೇಗಿದೆ? ಧಾರವಾಡದ ಥಂಡಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ನಿನ್ನ ನಲಿನಿ ಮಾಮಿಯ ಮೊಣಕಾಲು ಸೋತಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಇಲ್ಲಿ ಮಗ ಕೌಸ್ತುಭನ ಮನೆಯಲ್ಲಿ ನಮ್ಮಿಬ್ಬರಿಗೂ ಒಗ್ಗಿದೆ. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ನಗುತ್ತೀ, ಅದಕ್ಕೇ ಈ ಪತ್ರ.

ನಿನ್ನ ಅವ್ವನೂ ನಾನೂ ಕೂಡಿ ಕಟ್ಟಿಸಿದ ದಿಲ್‌ಸುಖ್‌ನಗರದ ಮನೆ ಕಡೆಗೂ ಮಾರಿ ಆಯಿತು. ನೀನು ಬಾಡಿಗೆಗಿರುವ ಮನೆಯನ್ನು ಈ ತಿಂಗಳೊಳಗೆ ಕೊಳ್ಳದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮಾಲಕರು ಹೇಳಿದಾಗಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ತೀರಿಹೋದ ಅಕ್ಕನ ಪಾಲು ನಿನ್ನ ಖಾತೆಗೆ ಬಂದಿರಬೇಕು, ನೋಡಿಕೋ. ನನ್ನ ಎದೆ ಮೇಲಿನ ಕಲ್ಲು ಇಳಿಯಿತು.

ಮಾರಾಟದ ತಯಾರಿ ನನ್ನದೇ. ಸುಣ್ಣ ಬಣ್ಣ ಹೊಡೆಸಿದೆ. ಮಳೆಗಾಲದಲ್ಲಿ ಸೋರುವ ಗೋಡೆ ಇದೆಯಲ್ಲ, ಅದಕ್ಕೆ ಕಪಾಟು ಅಡ್ಡ ನಿಲ್ಲಿಸಿದೆ. ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ: ಅಂಗಡಿಯವರೊಡನೆ ತೆಲುಗು, ಆಟೋದವರೊಡನೆ ಹಿಂದಿ, ಅವರೆದುರಿಗೇ ನಮ್ಮೊಳಗಿನ ಗುಟ್ಟೆಲ್ಲ ಕನ್ನಡದಲ್ಲಿ. ಅಕ್ಕ ಹೀಗೇ ಎಷ್ಟು ಸೀರೆಗಳ ದರ ಇಳಿಸಿದ್ದಾಳೆ.

ಕೊಳ್ಳಲು ಬಂದವನು ಹೇಮಂತ, ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವನು. ನಾನು ತೆಲುಗಿನಲ್ಲಿ ತೊಂಬತ್ತೈದು ಲಕ್ಷ ಎಂದೆ. ಅವನು ಚಹಾ ಕುಡಿಯುತ್ತ ಕುಳಿತ. ನಾನು ಮಾಮಿಯ ಕಡೆ ತಿರುಗಿ, “ಎಂಬತ್ತೆಂಟು ಅಂದ್ರೂ ಇವನ್ನ ಬಿಡೂದು ಬ್ಯಾಡ. ಶರ್ವರಿಗೆ ಗಡಿಬಿಡಿ ಅದ” ಎಂದೆ. ಅವಳು ಇನ್ನೂ ಜೋರಾಗಿ, “ಕಪಾಟು ಸರಿಸಿ ನೋಡಿದ್ರ ಅಷ್ಟೂ ಕೊಡಂಗಿಲ್ಲ. ಗ್ವಾಡಿ ಸೋರತದ, ಲಗೂನ ಮುಗಸ್ರಿ” ಎಂದಳು.

ಹೇಮಂತ ಕಪ್ಪು ಕೆಳಗಿಟ್ಟು ತೆಲುಗಿನಲ್ಲಿ ಎಂಬತ್ತೆಂಟು ಎಂದ. ನಾನು ತಲೆಗೆ ಕೈಹಚ್ಚಿ, ನಿಟ್ಟುಸಿರು ಬಿಟ್ಟು, ಲುಕ್ಸಾನಾದವನ ಹಾಗೆ ಮುಖಮಾಡಿ ಒಪ್ಪಿದೆ. ಅವನು ಮುಂಗಡ ಕೊಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ, “ಮಾಮಿ, ಚಹಾ ಭಾಳ ಛಲೋ ಆಗಿತ್ರಿ. ಕಪಾಟಿನ ಹಿಂದಿನ ಗ್ವಾಡಿ ನಾನ ರಿಪೇರಿ ಮಾಡಿಸ್ಕೋತೀನಿ, ಕಾಳಜಿ ಮಾಡಬ್ಯಾಡ್ರಿ” ಎಂದ.

ಅವನ ತಾಯಿ ಸುಂದರಾಬಾಯಿ ಕಲಬುರಗಿ ಜಿಲ್ಲೆಯ ಸೇಡಂ ಕಡೆಯವರಂತೆ. ಮಾಮಿ ಅಡುಗೆಮನೆ ಸೇರಿದವಳು ಅವನು ಓಣಿ ದಾಟುವವರೆಗೂ ಹೊರಗೆ ಬರಲಿಲ್ಲ. ಆದರೂ ಹುಡುಗ ಒಳ್ಳೆಯವನು. ಗೋಡೆಯ ಸಂಗತಿ ಗೊತ್ತಾದ ಮೇಲೂ ಎಂಬತ್ತೆಂಟಕ್ಕಿಂತ ಕೆಳಗೆ ಇಳಿಯಲಿಲ್ಲ. ಮನೆ ನೋಡಲು ಬಂದ ಸುಂದರಾಬಾಯಿ ಅಕ್ಕ ಹಚ್ಚಿದ ಕರಿಬೇವಿನ ಗಿಡ ಮುಟ್ಟಿ, “ಇದಕ್ಕ ನೀರು ನಾ ಹಾಕ್ತೀನ್ರಿ” ಎಂದರು. ಬೀಗದ ಕೈ ಕೊಡುವಾಗ ನನಗೆ ಸಂಕಟವೇ ಆಗಲಿಲ್ಲ. ಒಟ್ಟಿನಲ್ಲಿ ನನಗೆ ಚಹಾ ಬಿಸ್ಕೀಟಿನಷ್ಟೇ ನಷ್ಟ.

ವಿಶ್ವಜಿತ್ ಅಳಿಯಂದಿರಿಗೆ ನಮಸ್ಕಾರ ಹೇಳು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ಹಿರೇತನಕ್ಕೆ ನಾನೇ ಬರುತ್ತೇನೆ.

ನಿನ್ನ ಜಾಣ ಮಾಮಾ,
ಶ್ರೀನಿವಾಸ

ತಾ.ಕ.: ಚಹಾ ಬಿಸ್ಕೀಟು ಅಂದದ್ದು ಸುಳ್ಳು. ರಿಜಿಸ್ಟ್ರೇಷನ್ ಮುಗಿದ ಮೇಲೆ ಹೇಮಂತ ನಕ್ಕು, “ಮಾಮಾ, ತೊಂಬತ್ತೆರಡಕ್ಕ ತಯಾರಾಗಿ ಬಂದಿದ್ದೆ. ನೀವ ಇಳಿಸಿದ್ರಿ” ಎಂದ. ಬಾಯಿ ಬಿಟ್ಟವನು ನಾನು, ನೀನಲ್ಲ. ಅದಕ್ಕೇ ನಿನಗೆ ತೊಂಬತ್ತೆರಡರ ಅರ್ಧ, ನಲವತ್ತಾರು ಲಕ್ಷ ಹಾಕಿದ್ದೇನೆ. ಹೆಚ್ಚು ಬಂತೆಂದು ತಿರುಗಿ ಕಳಿಸಬೇಡ, ಮಾಮಿಯೂ ಒಪ್ಪಿದ್ದಾಳೆ. ನಾನು ಕಳೆದುಕೊಂಡದ್ದು ಪೂರಾ ನಾಲ್ಕು ಲಕ್ಷ.