ಸಾರಪ್ಪನಿಗೆ ಸಿಗದ ಶುಕ್ರವಾರ

ಹೊಸಹುಣಸೆ ಪೇಟೆ,
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಮೂವತ್ತೊಂದು.

ನಮ್ಮ ಮುತ್ತಜ್ಜಿಗೂ ಮುತ್ತಜ್ಜಿ ಆಗಬೇಕಾದ ನಿಮಗೆಲ್ಲ ತರಲೆ ಅಕ್ಕಯ್ಯಮ್ಮ ಮಾಡೋ ನಮಸ್ಕಾರ. ತಾರೀಕು ನೋಡಿ ಕಣ್ಣುಜ್ಜಿಕೋಬೇಡಿ. ಫೆಬ್ರವರಿಗೆ ಮೊದಲಿಂದ ಆಗ್ತಿದ್ದ ಅನ್ಯಾಯ ನಮ್ಮ ಕಾಲದಲ್ಲಿ ಸರಿಹೋಯ್ತು. ಗೊತ್ತಿಲ್ಲದ ಪದ ಬಂದ್ರೂ ಬೇಜಾರು ಮಾಡ್ಕೋಬೇಡಿ, ಅಲ್ಲಲ್ಲೇ ಬಿಡಿಸಿ ಹೇಳ್ತೀನಿ. ನಾನು ತುಂಬ ಸಾಧು ಹೆಂಗಸು, ದೇವರಾಣೆ.

ಇಲ್ಲಿ ಮನೆಮನೆಗೂ ಒಬ್ಬ ಸಾರಪ್ಪ ಇದಾನೆ. ಮನುಷ್ಯ ಅಲ್ಲ, ಗೋಡೆಗೆ ಅಂಟಿಸಿರೋ ಯಂತ್ರ. ಎಂಥ ದಪ್ಪ ಪುಸ್ತಕ ಕೊಟ್ರೂ ಸಾರ ಹಿಂಡಿ ನಾಲ್ಕು ಮಾತಲ್ಲಿ ಒಪ್ಪಿಸ್ತಾನೆ. ಹಲ್ಲುಜ್ಜೋ ಹೊತ್ತಲ್ಲಿ ಜನ ಒಂದು ಕಾದಂಬರಿ ಮುಗಿಸಿ ಉಗೀತಾರೆ. ಬೇಳೆ ಹಾಕದ ಸಾರು ಕಣ್ರೋ ಅಂದ್ರೆ ನಗ್ತಾರೆ, ಆದ್ರೆ ಕುಡಿಯೋದು ಅದನ್ನೇ.

ಪುಸ್ತಕಾನ ಪುಸ್ತಕದ ಹಾಗೆ ಓದೋ ಜಾಗ ಪೇಟೇಲಿ ಉಳಿದಿರೋದು ಒಂದೇ, ಹುಣಸೇಮರದ ಕೆಳಗಿನ ತಕರಾರು ಕಟ್ಟೆ. ಅಲ್ಲಿ ಪುಸ್ತಕದ ಜೊತೆ ಒಂದು ಹಿಡಿ ಹುಣಸೆ ಬೀಜಾನೂ ಕೊಡ್ತೀವಿ. ಓದ್ತಾ ಎಲ್ಲಿ ಮನಸ್ಸು ಎಡವ್ತೋ ಆ ಹಾಳೇಲಿ ಒಂದು ಬೀಜ ಇಡಬೇಕು. ಬೀಜ ಇಲ್ಲದೆ ವಾಪಸ್ ಬಂದ ಪುಸ್ತಕ ಓದಿದ ಲೆಕ್ಕ ಅಲ್ಲ. ಆಮೇಲೆ ಎಲ್ಲರ ಎದುರು ನಿಂತು ಮೊದಲು ಪುಸ್ತಕದ ಪರ ವಾದ ಮಾಡಬೇಕು, ಬರೆದವರೇ ಕೇಳಿದ್ರೂ ತಲೆದೂಗೋ ಹಾಗೆ. ಅದಾದ ಮೇಲೇ ಜಗಳ. ಹೇಳ್ತಿರೋನು ಯಾರು, ಏನನ್ನ ನುಂಗಿಕೊಂಡ, ನಾನ್ಯಾಕೆ ನಂಬಲಿ? ಬರೀ ಹಾಳೆ ತಿರುಗಿಸೋದಲ್ಲ, ಹಾಳೆಗೇ ತಿರುಗಿ ಬೀಳೋದು.

ಹೋದ ವರ್ಷ ಪೇಟೆ ಯಜಮಾನ ಬೋರಲಿಂಗಯ್ಯ ಕಟ್ಟೆಗೆ ಬೀಗ ಹಾಕೋಕೆ ಬಂದ. "ಸಾರ ಸಿಗೋವಾಗ ಸಿಪ್ಪೆ ಯಾಕಜ್ಜಿ ಅಗೀತೀರಿ? ಸಾರಪ್ಪನಿಗೆ ಸಿಗದೇ ಇರೋದು ನಿಮಗೆ ಸಿಕ್ಕಿದ್ರೆ ತೋರಿಸಿ, ಬೀಗ ನಾನೇ ಬಾವಿಗೆ ಎಸೀತೀನಿ" ಅಂದ. ಅದಕ್ಕೆ ಯಾರೂ ಓದಿರದ ಪುಸ್ತಕ ಬೇಕಲ್ಲ? ನಾನೇ ಒಂದು ಬರೆದೆ, ಒಳಗೆ ಬೇಕಂತಲೇ ಸುಳ್ಳು ಹೂತು. ಸುಳ್ಳು ಎಲ್ಲೆಲ್ಲಿದೆ ಅನ್ನೋ ಗುಟ್ಟು ಕಟ್ಟೆಯವರಿಗೂ ಬಿಡಲಿಲ್ಲ. ಅದರಲ್ಲಿ ಒಬ್ಬ ಪೈಲ್ವಾನ ತನ್ನ ಕಥೆ ತಾನೇ ಹೇಳ್ಕೊಳ್ತಾನೆ. "ನಾನು ಸೋತೇ ಇಲ್ಲ, ದೇವರಾಣೆ." "ಕೊನೆ ಕುಸ್ತೀಲಿ ಎದುರಾಳಿ ಸಿದ್ದಣ್ಣ ಅಖಾಡ ಬಿಟ್ಟು ಓಡಿಹೋದ, ದೇವರಾಣೆ." ಹೀಗೆ ಮಾತುಮಾತಿಗೂ ಆಣೆ.

ಪಂದ್ಯದ ದಿನ ಸಾರಪ್ಪ ಗಂಟಲು ಸರಿಮಾಡ್ಕೊಂಡು ಹೇಳ್ದ: ಸೋಲರಿಯದ ವೀರನ ಸಾಹಸಗಾಥೆ. ಬೋರಲಿಂಗಯ್ಯ ಬೀಗದ ಕೈ ಝಣಝಣ ಆಡಿಸಿದ.

ಕಟ್ಟೆ ಪರ ಎದ್ದವಳು ನನ್ನ ಸೊಸೆ ಸುಭದ್ರೆ. "ಅತ್ತೆ ಬರೆದಿದ್ದಲ್ವಾ, ಅಕ್ಕೀಲಿ ಕಲ್ಲು ಆರಿಸೋ ಹಾಗೆ ಓದಿದೀನಿ" ಅಂತಲೇ ಶುರು ಮಾಡಿದ್ಲು. ಪುಸ್ತಕ ಬೀಜ ತುಂಬಿ ಬಸುರಿ ಹಾಗಿತ್ತು. ಮೊದಲು ಪೈಲ್ವಾನನ ಪರ ವಾದಿಸಿದ್ಲು, ಬೋರಲಿಂಗಯ್ಯನೇ ಚಪ್ಪಾಳೆ ತಟ್ಟೋ ಹಾಗೆ. ಆಮೇಲೆ ಸೆರಗು ಸಿಕ್ಕಿಸಿ ಜಗಳಕ್ಕಿಳಿದಳು. "ಓಡಿಹೋದ ಸಿದ್ದಣ್ಣ ಶುಕ್ರವಾರ ಬಂತು ಅಂದ್ರೆ ಇವನ ಮೊಣಕಾಲಿಗೆ ಎಣ್ಣೆ ತಿಕ್ಕೋಕೆ ಬರ್ತಾನಲ್ಲ, ಯಾಕೆ? ಆ ಕುಸ್ತಿ ಆದ್ಮೇಲೆ ಇವನು ಒಂದು ಮೆಟ್ಟಿಲೂ ಒಬ್ಬನೇ ಹತ್ತಿಲ್ಲ, ನೋಡಿ. ಮುರಿದಿದ್ದು ಇವನ ಕಾಲು. ಕುಸ್ತಿ ನಿಲ್ಲಿಸಿ ಇವನನ್ನ ಮನೆಗೆ ಹೊತ್ಕೊಂಡು ಹೋದೋನು ಸಿದ್ದಣ್ಣ. ಅದನ್ನ ಈ ಮಹಾನುಭಾವ ಓಡಿಹೋದ ಅಂತಾನೆ!"

ಸಭೆ ಹೋ ಅಂತು. ಅಷ್ಟನ್ನ ನಾನೇ ಹೂತಿದ್ದೆ, ಸರಿ. ಆದ್ರೆ ಅವಳು ಕೂರಲಿಲ್ಲ. "ಸುಳ್ಳು ಹೇಳೋವಾಗೆಲ್ಲ ಇವನು ಆಣೆ ಇಡ್ತಾನೆ. ಸಿದ್ದಣ್ಣ ಅಂದ್ರೆ ತನಗೇನು ಅನ್ನೋದನ್ನ ಆಣೆ ಇಡದೆ ಹೇಳಿರೋದು ಇಡೀ ಪುಸ್ತಕದಲ್ಲಿ ಒಂದೇ ಮಾತು. ಅವನು ಬರದ ಶುಕ್ರವಾರ ನೋವು ಜಾಸ್ತಿ, ಅನ್ನೋದು. ಅದು ಬರೀ ಮೊಣಕಾಲಿನ ನೋವಲ್ಲ."

ಅದನ್ನ ನಾನು ಹೂತಿರಲಿಲ್ಲ ಕಣ್ರಪ್ಪ! ಬರೆದ ನನಗೇ ಗೊತ್ತಿರಲಿಲ್ಲ. ಊರಿಗೆಲ್ಲ ಟೋಪಿ ಹಾಕ್ತಿದ್ದ ನನ್ನ ತಲೆಗೇ ಸೊಸೆ ಟೋಪಿ ತೊಡಿಸಿದ್ಲು. ಈ ವಯಸ್ಸಲ್ಲಿ ಕಟ್ಟೆ ಮೇಲೆ ಕುಣಿದಾಡಿಬಿಟ್ಟೆ.

ಬೀಗ ಬಾವಿಗೆ ಬಿತ್ತು. ಬೋರಲಿಂಗಯ್ಯ ಆ ಪುಸ್ತಕ ಕೇಳಿ ತಗೊಂಡು ಹೋದ. ವಾಪಸ್ ತಂದಾಗ ಶುಕ್ರವಾರದ ಹಾಳೇಲಿ ಹೊಸದೊಂದು ಬೀಜ ಇತ್ತು.

ನಿಮ್ಮ ಕಾಲದಲ್ಲಿ ಸಾರಪ್ಪ ಇನ್ನೂ ಅಂಬೆಗಾಲಿಡ್ತಿರಬೇಕು. ಮುದ್ದು ಮಾಡಿ, ಬೇಡ ಅನ್ನಲ್ಲ. ಪುಸ್ತಕ ಮಾತ್ರ ಅವನ ಕೈಲಿ ಕೊಟ್ಟು ಕೈ ತೊಳ್ಕೋಬೇಡಿ. ನೀವೇ ಓದಿ, ನಿಧಾನಕ್ಕೆ, ಜಗಳ ಆಡ್ತಾ, ಈ ಕಾಗದಾನೂ ಬಿಡದೆ. ಬರೆದವರು ತಮಗೇ ಗೊತ್ತಿಲ್ಲದೆ ನಿಮಗೆ ಅಂತ ಏನೋ ಒಂದು ಬಿಟ್ಟುಹೋಗಿರ್ತಾರೆ.

ಇದನ್ನ ಆಣೆ ಇಡದೆ ಹೇಳ್ತಿದೀನಿ.